ಅಕ್ಕ ಹೇಳಿಕೊಟ್ಟ ಬೆಸುಗೆ

ದೊಂಗ್‌ಗುವಾನ್, ಚೀನಾ
19 ಏಪ್ರಿಲ್ 1998

ಅಕ್ಕ,

ಸಬಾಯೆಯಲ್ಲಿ ಈಗ ಚೆರ್ರಿ ಹೂವು ಉದುರಿ ಮುಗಿದಿರಬೇಕು. ಇಲ್ಲಿ ಆಗಲೇ ಅಂಗಿ ಬೆನ್ನಿಗೆ ಅಂಟುವ ಸೆಕೆ. ಬಂದು ಹನ್ನೆರಡು ದಿನವಾಯಿತು. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ, ಹುಡುಗಿಯಾಗಿದ್ದಾಗ ಲೋಹ ಒತ್ತುವ ಪ್ರೆಸ್ ಯಂತ್ರದ ಪಕ್ಕ ಕೂತು ಕೆಡಿಸಿಕೊಂಡ ಕಿವಿ ನಿನ್ನದು; ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರಷ್ಟೇ ತಿಳಿಯುತ್ತದೆ. ನಿನ್ನ ಜೊತೆ ಬೆಸುಗೆಗೆ ಕೂರುವ ಫುಸಾ ಅಕ್ಕನ ಕೈಗೆ ಫೋನ್ ಕೊಟ್ಟರೆ ನನ್ನ ಒಂದು ಮಾತಿಗೆ ಅವಳ ಹತ್ತು ಸೇರಿ ನಿನಗೆ ಮುಟ್ಟುತ್ತದೆ. ಅದಕ್ಕೇ ಈ ಕಾಗದ.

ಕಾರ್ಖಾನೆಗೆ ನಾಲ್ಕು ಅಂತಸ್ತು. ಕೆಳಗೆ ಪ್ರೆಸ್, ಅದರ ಮೇಲೆ ಬೆಸುಗೆ, ಅದರ ಮೇಲೆ ಉಜ್ಜಿ ಹೊಳಪು ಕೊಡುವುದು, ತುದಿಯಲ್ಲಿ ಮಲಗುವ ಕೋಣೆಗಳು. ನಮ್ಮಲ್ಲಿ ಒಂದು ಕನ್ನಡಕದ ಫ್ರೇಮು ಇಪ್ಪತ್ತು ಮನೆ ಸುತ್ತಿ, ಇಪ್ಪತ್ತು ಮುದುಕರ ಕೈ ದಾಟಿ ಮುಗಿಯುತ್ತದೆ. ಇಲ್ಲಿ ಮೆಟ್ಟಿಲು ಹತ್ತಿದರೆ ಮುಗಿಯಿತು. ಮುನ್ನೂರು ಹುಡುಗಿಯರಿದ್ದಾರೆ, ಹೆಚ್ಚಿನವರು ಹುನಾನ್ ಕಡೆಯವರು. ಹದಿನೆಂಟು, ಇಪ್ಪತ್ತು ವಯಸ್ಸು. ಕೈ ಚುರುಕು, ಆದರೆ ಕನ್ನಡಕ ಹಾಕಿಕೊಂಡವರು ಒಬ್ಬರೂ ಇಲ್ಲ.

ನೀನು ಸುಮ್ಮನೆ ಯೋಚನೆ ಮಾಡಬೇಡ. ಬೀಳ್ಕೊಡುವ ದಿನ ಕಂಪನಿಯ ಚಿಕ್ಕ ಯಜಮಾನರು ಎಲ್ಲರೆದುರೇ ಹೇಳಿದರು: "ಅಲ್ಲಿ ಮಾಡೋದು ಅಗ್ಗದ ಮಾಲು ಮಾತ್ರ. ಟೈಟೇನಿಯಂ ಕೆಲಸ ಸಬಾಯೆ ಬಿಟ್ಟು ಕದಲೋದಿಲ್ಲ." ನಿನ್ನ ಮೇಜಿನ ಮೇಲಿನ ಕೆಲಸವನ್ನು ಇಲ್ಲಿ ಯಾರೂ ಮುಟ್ಟಲಾರರು. ಮೂರು ವರ್ಷ ಮುಗಿಸಿ ಬರುತ್ತೇನೆ.

ಮೊರಿಯೊ

ಕವಾದಾ, ಸಬಾಯೆ, ಜಪಾನ್
10 ಮೇ 1998

ಮೊರಿಯೊ,

ಗದ್ದೆಗೆ ನೀರು ಬಿಟ್ಟಿದ್ದಾರೆ. ಕಪ್ಪೆಗಳ ಗಲಾಟೆ ಶುರುವಾಗಿದೆಯಂತೆ. ಫುಸಾ ಹೇಳಿದಳು, ನನಗೇನು ಗೊತ್ತು.

ನಿನ್ನ ಕಾಗದವನ್ನು ಅವಳಿಗೂ ಓದಿ ಹೇಳಿದೆ. "ಮುನ್ನೂರು ಹುಡುಗೀರ ಮಧ್ಯೆ ಒಬ್ಬನೇ ಗಂಡಸು! ಆದ್ರೂ ನೋಡ್ತಿರು ಶಿಗೆನೊ, ನಿನ್ನ ತಮ್ಮ ಹೋದ ಹಾಗೆ ಒಂಟಿಯಾಗೇ ವಾಪಸ್ ಬರ್ತಾನೆ. ಕಟ್ಟಿಕೊಂಡ ಒಬ್ಬಳನ್ನೇ ಉಳಿಸ್ಕೊಳ್ಳಲಿಲ್ಲ" ಎಂದಳು. ಬೈದೆ. ಬೈಸಿಕೊಂಡು ಇನ್ನೂ ಜೋರಾಗಿ ನಕ್ಕಳು.

ಕೆಲಸ ಎಂದಿನಂತೆ ನಡೆದಿದೆ. ಕಂಪನಿಯ ನೊಜಿಮಾ ಮಂಗಳವಾರ ಮಂಗಳವಾರ ವ್ಯಾನು ತಂದು ಡಬ್ಬಿ ಇಳಿಸಿ, ಮುಗಿದದ್ದನ್ನು ತೆಗೆದುಕೊಂಡು ಹೋಗುತ್ತಾನೆ. ನಾನು ಎರಡೂ ಗಾಜಿನ ಚೌಕಟ್ಟು ಸೇರಿಸುವ ಮೂಗಿನ ಕೊಂಡಿ ಬೆಸೆಯುತ್ತೇನೆ, ಫುಸಾ ಕಡ್ಡಿಯ ತಿರುಗಣೆ ಬೆಸೆಯುತ್ತಾಳೆ. ನಿನ್ನ ಭಾವ ಹೋದ ಮೇಲೆ ಇದು ಹನ್ನೊಂದನೇ ವರ್ಷ. ಒಂದು ಮಂಗಳವಾರವೂ ತಪ್ಪಿಲ್ಲ.

ನಿನ್ನ ಕಾಗದ ಓದುವಾಗ ಒಂದು ವಿಷಯ ತಲೆಗೆ ಬಂತು. ನಮ್ಮ ಅಜ್ಜನ ಕಾಲದಲ್ಲಿ ಹಿಮ ಬಿದ್ದು ಗದ್ದೆ ಮುಚ್ಚಿದರೆ ಇಲ್ಲಿ ಕೈಗೆ ಕೆಲಸವಿರಲಿಲ್ಲ. ಒಸಾಕಾದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿ ಕನ್ನಡಕ ಮಾಡುವುದನ್ನು ಕಲಿತರು. ಅಪ್ಪ ಆ ಮೇಸ್ತ್ರಿಯ ಹೆಸರು ಹೇಳಿ ಕೈಮುಗಿಯುತ್ತಿದ್ದುದು ನನಗೆ ನೆನಪಿದೆ. ಆದರೆ ಆಮೇಲೆ ಒಸಾಕಾದಲ್ಲಿ ಅದೇ ಕೆಲಸ ಮಾಡುತ್ತಿದ್ದವರು ಏನಾದರು ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ.

ಇರಲಿ. ನೀರು ಕಾಯಿಸಿ ಕುಡಿ.

ಶಿಗೆನೊ

ದೊಂಗ್‌ಗುವಾನ್
3 ನವೆಂಬರ್ 1998

ಅಕ್ಕ,

ತುಂಬ ದಿನ ಬರೆಯಲಾಗಲಿಲ್ಲ. ಕೆಲಸ ಕುತ್ತಿಗೆಗೆ ಬಂದಿದೆ.

ನಿನ್ನಿಂದ ಒಂದು ಉಪಕಾರವಾಗಬೇಕು. ಇಲ್ಲಿ ಪರೀಕ್ಷೆಗೆಂದು ಸ್ವಲ್ಪ ಟೈಟೇನಿಯಂ ಮಾಲು ಹಾಕಿಸಿದ್ದಾರೆ. ಬರೀ ಪರೀಕ್ಷೆಗೆ. ಮೂಗಿನ ಕೊಂಡಿಯ ಬೆಸುಗೆ ನಿಲ್ಲುತ್ತಿಲ್ಲ. ನೂರಕ್ಕೆ ಐವತ್ತು ಬಿಸಾಡುತ್ತಿದ್ದೇವೆ. ಯಂತ್ರ ಅದೇ, ಗ್ಯಾಸು ಅದೇ, ಬೆಸುಗೆಯ ತಂತಿಯೂ ಸಬಾಯೆಯಿಂದಲೇ ಬಂದದ್ದು. ಹುಡುಗಿಯರು ನನ್ನ ಮುಖ ನೋಡುತ್ತಾರೆ. ನಾನು ತಪಾಸಣೆ ವಿಭಾಗದವನು ಅಕ್ಕ. ಕೆಟ್ಟದ್ದು ಯಾವುದು ಎಂದು ಹೇಳಬಲ್ಲೆ, ಒಳ್ಳೆಯದು ಹೇಗಾಗುತ್ತದೆ ಎಂದು ನನಗೆ ಗೊತ್ತಿಲ್ಲ.

ಹೋದ ವಾರ ಚಿಕ್ಕ ಯಜಮಾನರು ಬಂದಿದ್ದರು. ಹುಡುಗಿಯರೆಲ್ಲ ನೋಡುತ್ತಿದ್ದಂತೆ, "ಇಪ್ಪತ್ತೆಂಟು ವರ್ಷ ಏನ್ ಕಲಿತ್ರಿ ಮೊರಿಯೊ ಅವ್ರೇ? ಫ್ರೇಮ್ ಎತ್ತಿ ಬೆಳಕಿಗೆ ಹಿಡಿಯೋದಾ?" ಎಂದರು. ಮಾತು ತಿಳಿಯದಿದ್ದರೂ ಹುಡುಗಿಯರಿಗೆ ಅರ್ಥವಾಯಿತು. ತಲೆ ತಗ್ಗಿಸಿದರು.

ನಿನ್ನ ಬೆಸುಗೆ ಮುರಿದು ಬಂದದ್ದನ್ನು ನಾನು ಕಂಡೇ ಇಲ್ಲ. ನೀನು ಏನು ಮಾಡುತ್ತೀಯ? ಬರೆದು ಕಳಿಸುತ್ತೀಯಾ?

ಮೊರಿಯೊ

ಕವಾದಾ
6 ಡಿಸೆಂಬರ್ 1998

ಮೊರಿಯೊ,

ಮೊದಲ ಹಿಮ ಬಿತ್ತು, ನಿಲ್ಲಲಿಲ್ಲ.

ನಿನ್ನ ಕಾಗದ ಬಂದು ಹದಿನೈದು ದಿನವಾಗಿದೆ. ಉತ್ತರ ತಡವಾದದ್ದಕ್ಕೆ ಫುಸಾಳೇ ಕಾರಣ. "ಉಣ್ಣೋ ಬಟ್ಟಲನ್ನೇ ಬರೆದು ಕಳಿಸ್ತಿದ್ದೀಯಲ್ಲೇ, ನಿನಗೆ ತಲೆ ನೆಟ್ಟಗಿದೆಯಾ?" ಎಂದಳು.

"ಅವನು ನಮ್ಮ ಮೊರಿಯೊ ಕಣೇ" ಎಂದೆ.

"ನಿಮ್ಮ ಮೊರಿಯೊನೇ. ಆದ್ರೆ ಸಂಬಳ ಕೊಡೋರು ಯಾರು?"

ಎರಡು ದಿನ ನಾವಿಬ್ಬರೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡಿದೆವು. ಆಮೇಲೆ ಅವಳೇ ಮೂಲಂಗಿ ತುರಿದು ಸೋಬಾ ಶ್ಯಾವಿಗೆ ಮಾಡಿಕೊಂಡು ಬಂದಳು.

ಅಮ್ಮ ಸತ್ತಾಗ ನಿನಗೆ ಮೂರು ವರ್ಷ. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡೇ ನಾನು ಪ್ರೆಸ್ ಮನೆಗೆ ಹೋಗುತ್ತಿದ್ದೆ. ಜನರೆದುರು ಯಾರೋ ನಿನ್ನನ್ನು ಹಾಗೆ ಅಂದರು ಎಂದು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಸರಿಯಾಗಿ ಓದಿಕೋ.

ಬೆಸೆಯುವ ತುದಿಗಳನ್ನು ಉಜ್ಜಿದ ಮೇಲೆ ಬೆರಳು ತಾಗಿಸಬಾರದು. ಬೆರಳಿನ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ, ಬೆಂಕಿಗೆ ಕಾಣುತ್ತದೆ. ನಾನು ಬೆಳಿಗ್ಗೆ ಉಜ್ಜಿದ್ದನ್ನು ಮಧ್ಯಾಹ್ನದೊಳಗೆ ಬೆಸೆದು ಮುಗಿಸುತ್ತೇನೆ, ಮರುದಿನಕ್ಕೆ ಇಡುವುದಿಲ್ಲ. ಕಾವು ಕೊಡುವುದು ಒಂದೇ ಸಲ. ತಂತಿ ಬೆಣ್ಣೆಯಂತೆ ಜಾರಿ ಸಂದಿಗೆ ಇಳಿದ ಕೂಡಲೇ ಬಿಡಬೇಕು. ಇಷ್ಟು ನಿನ್ನ ಹುಡುಗಿಯರಿಗೂ ಗೊತ್ತಿರುತ್ತದೆ.

ಅವರಿಗೆ ಗೊತ್ತಿಲ್ಲದ್ದು ಇದು. ಕಾವು ನಿಂತ ಮೇಲೂ, ಗಾಳಿ ತಾಗದಂತೆ ಲೋಹವನ್ನು ಮುಚ್ಚಿ ಕಾಯುವ ಗ್ಯಾಸು ನಿಲ್ಲಿಸಬಾರದು. ಲೋಹದ ಕೆಂಪು ಹೋದ ಮಾತ್ರಕ್ಕೆ ಅದು ತಣ್ಣಗಾಯಿತು ಎಂದಲ್ಲ. ಆ ಹೊತ್ತಿನಲ್ಲಿ ಗ್ಯಾಸು ತೆಗೆದರೆ ಟೈಟೇನಿಯಂ ಗಾಳಿ ಕುಡಿಯುತ್ತದೆ. ಕೂಡಲೇ ತೆಗೆದದ್ದು ಅಲ್ಲೇ ಬಿಡುತ್ತದೆ; ತುಸು ತಡೆದು ತೆಗೆದದ್ದು ಮೇಲೆ ಚೆನ್ನಾಗಿಯೇ ಕಾಣುತ್ತದೆ, ನಿನ್ನ ತಪಾಸಣೆಯಲ್ಲೂ ಪಾಸಾಗುತ್ತದೆ, ಒಂದು ವರ್ಷದೊಳಗೆ ಯಾರದೋ ಮೂಗಿನ ಮೇಲೆ ಎರಡಾಗುತ್ತದೆ. ಕೈ ಅಲ್ಲಾಡಿಸದೆ, ಗ್ಯಾಸು ಹರಿಯುತ್ತಿರುವಾಗಲೇ, ಮನಸ್ಸಿನಲ್ಲಿ ನಿಧಾನವಾಗಿ ಆರು ಸಲ ಅಮಿದಾ ಬುದ್ಧನ ನಾಮ ಹೇಳಬೇಕು. ಆಮೇಲೆ ತೆಗೆಯಬೇಕು. ನಿನ್ನ ಭಾವ ಗಡಿಯಾರ ಇಟ್ಟು ಅಳೆದಿದ್ದರು: ಮೂವತ್ತು ಸೆಕೆಂಡು. ಇದನ್ನು ಕಂಡುಕೊಳ್ಳಲು ಅವರಿಗೆ ಎರಡು ಚಳಿಗಾಲ ಬೇಕಾಯಿತು. ನನ್ನನ್ನೂ ಫುಸಾಳನ್ನೂ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ.

ಆರಕ್ಕೆ ಐದು ಮಾಡಬೇಡ.

ಶಿಗೆನೊ

ದೊಂಗ್‌ಗುವಾನ್
21 ಫೆಬ್ರವರಿ 1999

ಅಕ್ಕ,

ನಿನಗೆ ಹೇಗೆ ಕೃತಜ್ಞತೆ ಹೇಳಲಿ? ನೂರಕ್ಕೆ ಐವತ್ತು ಹೋಗುತ್ತಿದ್ದದ್ದು ಈಗ ನೂರಕ್ಕೆ ಮೂರು.

ಹುಡುಗಿಯರಿಗೆ ಬುದ್ಧನ ನಾಮ ಬರುವುದಿಲ್ಲ, ಮೂವತ್ತರವರೆಗೆ ಎಣಿಸುತ್ತಾರೆ. ಯೂಲಿಯೆನ್ ಎಂಬ ಒಬ್ಬಳಿದ್ದಾಳೆ, ಹತ್ತೊಂಬತ್ತು ವರ್ಷ. ಪಕ್ಕದಲ್ಲಿ ಯಾರು ಬಂದು ನಿಂತರೂ, ಏನು ಕೇಳಿದರೂ ಮೂವತ್ತು ಮುಗಿಯದೆ ತಲೆ ಎತ್ತುವುದಿಲ್ಲ. ಒಂದು ದಿನ ಚಿಕ್ಕ ಯಜಮಾನರೇ ಅವಳನ್ನು ಮಾತಾಡಿಸಿದರು, ಅವಳು ಉತ್ತರ ಕೊಡಲಿಲ್ಲ. ಅವರ ಮುಖ ಕೆಂಪಾಯಿತು. ಮೂವತ್ತಾದ ಮೇಲೆ ಎದ್ದು ನಿಂತು ನಮಸ್ಕರಿಸಿದಳು. ಅವಳನ್ನೇ ಆ ಸಾಲಿಗೆ ಮುಖ್ಯಸ್ಥೆ ಮಾಡಿದ್ದೇನೆ. ಅವಳ ಗುರುತಿಲ್ಲದೆ ಯಾವ ತಟ್ಟೆಯೂ ಮೇಲಿನ ಅಂತಸ್ತಿಗೆ ಹೋಗುವುದಿಲ್ಲ.

ದೊಡ್ಡ ಯಜಮಾನರು ಹೊಸ ವರ್ಷಕ್ಕೆ ಬಂದಾಗ ನನ್ನ ಬಟ್ಟಲಿಗೆ ತಾವೇ ಸಾಕೆ ಮದ್ಯ ಬಗ್ಗಿಸಿದರು. ಹೇಳಿಕೊಳ್ಳುವಂಥ ಸುದ್ದಿ ಇಷ್ಟೇ.

ಫುಸಾ ಅಕ್ಕನಿಗೆ ನನ್ನ ನಮಸ್ಕಾರ ಹೇಳು.

ಮೊರಿಯೊ

ಕವಾದಾ
12 ಸೆಪ್ಟೆಂಬರ್ 1999

ಮೊರಿಯೊ,

ಕೆಲಸ ಕೈತುಂಬ ಇದೆ, ಅದಕ್ಕೇ ಬರೆಯುವುದು ತಡವಾಯಿತು.

ಕಿಟಕಿಗಳಿಗೆಲ್ಲ ಹೊಸ ಕಾಗದ ಅಂಟಿಸಿದೆ. ಮೇಜಿನ ಖಾನೆಗಳನ್ನು ತೆಗೆದು ತೊಳೆದೆ. ನಿನ್ನ ಭಾವನ ಇಕ್ಕಳಗಳಿಗೆ ಎಣ್ಣೆ ಹಾಕಿ ಒರೆಸಿಟ್ಟೆ. ಹಿತ್ತಿಲಲ್ಲಿ ಈ ಸಲ ಬದನೆ ಚೆನ್ನಾಗಿ ಬಂತು, ನೋಡಿಕೊಳ್ಳಲು ಹೊತ್ತಿತ್ತು. ಫುಸಾಳಿಗೆ ಮಂಡಿನೋವು, ವಾರಕ್ಕೆ ಎರಡು ದಿನ ಬಂದರೆ ಸಾಕು ಎಂದಿದ್ದೇನೆ.

ನಿನ್ನ ಆರೋಗ್ಯ ಹೇಗಿದೆ? ಮೂರು ವರ್ಷ ಎಂದಿದ್ದೆ. ಒಂದೂವರೆ ಕಳೆಯಿತು.

ಶಿಗೆನೊ

ದೊಂಗ್‌ಗುವಾನ್
5 ಡಿಸೆಂಬರ್ 1999

ಅಕ್ಕ,

ಕೆಲಸ ಕೈತುಂಬ ಇದೆ ಎಂದು ಓದಿ ಸಂತೋಷವಾಯಿತು.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡ. ನಿನಗೆ ಐವತ್ತೆಂಟು ತುಂಬಿತು. ಹದಿಮೂರನೇ ವಯಸ್ಸಿನಿಂದ ದುಡಿದಿದ್ದೀಯ. ಇನ್ನು ಸಾಕು ಎನಿಸುವುದಿಲ್ಲವೇ? ಯಮಶಿರೊದ ಬಿಸಿನೀರಿನ ಬುಗ್ಗೆಗೆ ಹೋಗಿ ನಾಲ್ಕು ದಿನ ಇದ್ದು ಬಾ, ಫುಸಾ ಅಕ್ಕನನ್ನೂ ಕರೆದುಕೊಂಡು ಹೋಗು.

ಇದರ ಜೊತೆ ಇಲ್ಲಿಯ ಚಹಾ ಕಳಿಸಿದ್ದೇನೆ.

ಮೊರಿಯೊ

ಕವಾದಾ
30 ಜನವರಿ 2000

ಮೊರಿಯೊ,

ಚಹಾ ಬಂತು. ಮೊದಲು ನನಗೆ ಸಿಟ್ಟು ಬಂತು. ತಮ್ಮನಿಗೆ ದೊಡ್ಡಸ್ತಿಕೆ ಬಂದಿದೆ, ಅಕ್ಕ ಮನೆಯಲ್ಲಿ ಕೂತು ಕೆಲಸ ಮಾಡುವುದು ಅವನಿಗೆ ನಾಚಿಕೆ ಎಂದುಕೊಂಡೆ. ಎರಡು ಸಲ ಬರೆದು ಹರಿದೆ.

ಹೋದ ಮಂಗಳವಾರ ನೊಜಿಮಾ ಬಂದ. ವ್ಯಾನಿನಲ್ಲಿ ಒಂದೂ ಡಬ್ಬಿ ಇರಲಿಲ್ಲ. ಸೂಟು ಹಾಕಿದ್ದ. ಬಾಗಿಲಲ್ಲೇ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದ. "ಮಾರ್ಚಿಗೆ ನಿಲ್ಲಿಸ್ತಿದ್ದೀವಿ ಅಕ್ಕಾವ್ರೇ. ಇಷ್ಟು ವರ್ಷ ನಮ್ಮನ್ನ ಕಾಪಾಡಿದ್ರಿ."

"ಮೇಲೇಳಪ್ಪಾ, ನೆಲ ತಣ್ಣಗಿದೆ" ಎಂದೆ. ಬೇರೇನು ಹೇಳಲಿ?

ಫುಸಾ ಅಲ್ಲೇ ಇದ್ದಳು. "ಮೂಗಿನ ಕೊಂಡಿ ಇಲ್ಲದ ಕನ್ನಡಕ ಕಂಡುಹಿಡಿದ್ರಾ?" ಎಂದು ಕೇಳಿದಳು. ಅವನು ತಲೆ ಎತ್ತಲಿಲ್ಲ. "ಹಾಗಾದ್ರೆ ಯಾರೋ ಮಾಡ್ತಿದ್ದಾರೆ ಅಂತಾಯ್ತು" ಎಂದಳು. ಅವನು ಚಹಾ ಕುಡಿಯದೆ ಹೋದ.

ನಾನೂ ನಿನಗೆ ಸುಳ್ಳು ಬರೆದಿದ್ದೆ. ಹೋದ ಬೇಸಿಗೆಯಿಂದಲೇ ವಾರಕ್ಕೆ ಹನ್ನೆರಡು ಬರುತ್ತಿದ್ದ ಡಬ್ಬಿ ಮೂರಕ್ಕೆ ಇಳಿದಿತ್ತು. ದೂರದಲ್ಲಿರುವವನಿಗೆ ಯಾಕೆ ಹೇಳುವುದು ಎಂದು ಸುಮ್ಮನಿದ್ದೆ. ಫುಸಾಳ ಮಂಡಿ ಗಟ್ಟಿಯಾಗಿಯೇ ಇದೆ.

ಒಂದೇ ಪ್ರಶ್ನೆ ಕೇಳುತ್ತೇನೆ. ನನ್ನ ಮೇಜಿಗೆ ಬರುತ್ತಿದ್ದ ಹದಿನೇಳನೇ ನಮೂನೆಯನ್ನು ಈಗ ನೀನು ಮಾಡಿಸುತ್ತಿದ್ದೀಯಾ?

ಶಿಗೆನೊ

ದೊಂಗ್‌ಗುವಾನ್
16 ಜುಲೈ 2000

ಅಕ್ಕ,

ಐದು ತಿಂಗಳು ನಿನ್ನ ಕಾಗದ ನನ್ನ ಮೇಜಿನ ಖಾನೆಯಲ್ಲಿತ್ತು. ಹೌದು. ಹದಿನೇಳನೇ ನಮೂನೆ ಇಲ್ಲಿ ಆಗುತ್ತಿದೆ, ಹದಿನೆಂಟೂ, ಇಪ್ಪತ್ತೆರಡೂ. ನಿನ್ನ ಡಬ್ಬಿಗಳು ಯಾವ ವಾರ ಎಷ್ಟು ಕಡಿಮೆಯಾದವು ಎಂದು ನಿನಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ನೀನು 'ಕೆಲಸ ಕೈತುಂಬ ಇದೆ' ಎಂದು ಬರೆದ ವಾರ ಆ ಡಬ್ಬಿಗಳು ನನ್ನ ಎದುರಿಗಿದ್ದವು.

ಪರೀಕ್ಷೆಗೆ ಮಾತ್ರ ಎಂದು ಬರೆದದ್ದೂ ಸುಳ್ಳು. ಬಂದ ನಾಲ್ಕನೇ ತಿಂಗಳಿಗೇ ಚಿಕ್ಕ ಯಜಮಾನರು ನಿಜ ಹೇಳಿದ್ದರು. ಗೊತ್ತಿದ್ದೇ ನಿನ್ನಿಂದ ಬೆಸುಗೆಯ ಗುಟ್ಟು ಕೇಳಿದೆ.

ಇದಕ್ಕಿಂತ ದೊಡ್ಡದೊಂದಿದೆ. ಹೋದ ವರ್ಷ ಅಕ್ಟೋಬರಿನಲ್ಲಿ ಅವರು ನನ್ನ ಮುಂದೆ ಮೂರು ಹೆಸರು ಇಟ್ಟರು. ಮೂರೂ ಮನೆಗಳಲ್ಲಿ ಕೊಂಡಿಯ ಕೆಲಸ ನಡೆಯುತ್ತಿತ್ತು. "ಒಂದನ್ನ ಬಿಡ್ಬೇಕು. ಕೆಲಸ ಬಲ್ಲೋರು ನೀವು, ಬರೆದುಕೊಡಿ" ಎಂದರು. ಮಿಕ್ಕ ಇಬ್ಬರ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರು. ನಿನಗೆ ಮಕ್ಕಳಿಲ್ಲ. ಮನೆ ಸ್ವಂತದ್ದು. ಅಲ್ಲದೆ, ನನ್ನ ಅಕ್ಕನನ್ನು ಉಳಿಸಿಕೊಂಡೆ ಎಂದು ಊರಿನವರು ಆಡಿಕೊಳ್ಳುವುದು ನನಗೆ ಬೇಡವಾಗಿತ್ತು. ನಿನ್ನ ಹೆಸರು ಬರೆದೆ. ಬರೆಯುವಾಗ ಅದು ನ್ಯಾಯ ಎನಿಸಿತ್ತು. ಫುಸಾ ಅಕ್ಕ ನೆನಪಿಗೇ ಬರಲಿಲ್ಲ.

ನೀನು ಬೈದರೂ ಸರಿ, ಒಂದು ಸಾಲು ಬರೆ.

ಮೊರಿಯೊ

ಕವಾದಾ
11 ಫೆಬ್ರವರಿ 2001

ಮೊರಿಯೊ,

ಬರೆಯಬಾರದು ಎಂದುಕೊಂಡಿದ್ದೆ. ತಿಳಿಸಲೇಬೇಕಾದ ಸುದ್ದಿ ಇರುವುದರಿಂದ ಬರೆಯುತ್ತಿದ್ದೇನೆ.

ಫುಸಾ ತೀರಿಕೊಂಡಳು. ಜನವರಿ ಹದಿನಾರು.

ಕೆಲಸ ನಿಂತ ಮೇಲೆ ಅವಳು ಅರಗಿನ ಬಟ್ಟಲು ಮಾಡುವವರ ಬಳಿ ಹೋಗಿ ಕೇಳಿದಳು, ಅವರಿಗೇ ಕೆಲಸವಿರಲಿಲ್ಲ. ಈ ಸಲ ಹಿಮ ಬಹಳ. ಎರಡು ದಿನ ರೈಲು ಓಡಲಿಲ್ಲ. ಕೂಲಿಗೆ ಬೇರೆಯವರ ಸೂರಿನ ಹಿಮ ಎಳೆಯಲು ಹೋಗುತ್ತಿದ್ದಳು. ಅರವತ್ತಮೂರು ವರ್ಷದ ಹೆಂಗಸು. ನನಗೆ ಹೇಳಿರಲಿಲ್ಲ; "ಮಗಳ ಮನೆಗೆ ಹೋಗಿ ಬರ್ತೀನಿ" ಎನ್ನುತ್ತಿದ್ದಳು. ಸೂರಿನ ಅಂಚಿನ ಹಿಮ ಅವಳ ಸಮೇತ ಜಾರಿತು. ಅವಳ ಮೇಲೆ ಇನ್ನಷ್ಟು ಬಿತ್ತು. ಮನೆಯವರು ಹೊರಗೆ ಬಂದು ನೋಡುವಾಗ ಗುದ್ದಲಿಯ ಹಿಡಿ ಮಾತ್ರ ಮೇಲೆ ಕಾಣುತ್ತಿತ್ತಂತೆ. ಕೂಗಿರಲೂಬಹುದು. ನಾನಂತೂ ಅದೇ ಬೀದಿಯಲ್ಲಿ, ನಾಲ್ಕು ಮನೆ ಆಚೆ ನಮ್ಮ ಅಂಗಳದ ಹಿಮ ತೆಗೆಯುತ್ತಿದ್ದೆ. ನನಗೆ ಕೇಳಿಸಲಿಲ್ಲ.

ನೀನು ಬರೆದುಕೊಟ್ಟ ಹೆಸರಿನ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ನಿನ್ನನ್ನು ಕಾಪಾಡಲು ಅಲ್ಲ. ಹೇಳಲು ನನಗೆ ನಾಚಿಕೆಯಾಯಿತು.

ನೀನು ಬರಬೇಡ. ಕ್ರಿಯೆಗಳೆಲ್ಲ ಮುಗಿದಿವೆ.

ಶಿಗೆನೊ

ದೊಂಗ್‌ಗುವಾನ್
20 ಅಕ್ಟೋಬರ್ 2001

ಅಕ್ಕ,

ಫುಸಾ ಅಕ್ಕನ ಸುದ್ದಿ ಓದಿದ ಮೇಲೆ ನಾನು ಬರೆದ ಐದು ಕಾಗದಗಳಿಗೂ ನಿನ್ನಿಂದ ಉತ್ತರವಿಲ್ಲ. ಇದಕ್ಕೂ ಬರದೇ ಇರಬಹುದು. ಆದರೂ ಇದನ್ನು ಬೇರೆಯವರ ಬಾಯಿಂದ ನೀನು ಕೇಳಬಾರದು.

ಇಲ್ಲಿ ಮಾಡಿದ ಹದಿನೇಳನೇ ನಮೂನೆಯ ಫ್ರೇಮುಗಳು ಮುರಿದು ಅಂಗಡಿಗಳಿಂದ ವಾಪಸು ಬರುತ್ತಿವೆ. ಎಲ್ಲವೂ ಮೂಗಿನ ಕೊಂಡಿಯಲ್ಲೇ. ನೀಗಾತದಲ್ಲಿ ಒಬ್ಬ ಬಸ್ ಚಾಲಕನ ಕನ್ನಡಕ ಬಸ್ಸು ಓಡಿಸುತ್ತಿರುವಾಗಲೇ ಎರಡಾಯಿತಂತೆ. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಕಂಪನಿ ನನ್ನಿಂದ ವರದಿ ಕೇಳಿತು. ಬೆಸೆಯುವ ಕ್ರಮ ಎಲ್ಲಿಂದ ಬಂತು ಎಂಬ ಖಾನೆಯಿತ್ತು. ಕವಾದಾದ ಯಮಗಿಶಿ ಮನೆಯಿಂದ ಎಂದು ನಿಮ್ಮ ಮನೆಹೆಸರನ್ನೇ ಬರೆದೆ. ಅದು ನಿಜವೇ ಅಲ್ಲವೇ? ಹಾಗೆ ಬರೆದರೆ ಏನಾಗುತ್ತದೆ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ. ಈಗ ಅವರು, ಆ ಕ್ರಮದಲ್ಲೇ ದೋಷವಿತ್ತು ಎನ್ನುತ್ತಿದ್ದಾರೆ. ನೊಜಿಮಾ ನಿನ್ನ ಬಳಿಗೆ ಒಂದು ಕಾಗದ ತರಬಹುದು.

ಯಾಕೆ ಮುರಿಯಿತೋ ನನಗೂ ತಿಳಿಯುತ್ತಿಲ್ಲ. ನೀನು ಬರೆಯುವಾಗ ಏನಾದರೂ ಬಿಟ್ಟುಹೋಗಿತ್ತೇ?

ಮೊರಿಯೊ

ಕವಾದಾ
9 ಡಿಸೆಂಬರ್ 2001

ಮೊರಿಯೊ,

ನೊಜಿಮಾ ಬಂದ. ಒಂದು ಕೈಯಲ್ಲಿ ಮುರಿದ ಫ್ರೇಮುಗಳ ಡಬ್ಬಿ, ಒಂದು ಕೈಯಲ್ಲಿ ಕಾಗದ. ನಾನು ಕಲಿಸಿದ ಕ್ರಮದಲ್ಲಿ ತಪ್ಪಿತ್ತು ಎಂದು ಒಪ್ಪಿಕೊಂಡು ಮುದ್ರೆ ಒತ್ತಬೇಕಂತೆ. "ನಿಮಗೇನೂ ತೊಂದರೆ ಆಗಲ್ಲ ಅಕ್ಕಾವ್ರೇ, ಬರೀ ಕಾಗದ. ನೀವು ಹೇಗೂ ಕೆಲಸ ಬಿಟ್ಟಿದ್ದೀರಿ" ಎಂದ.

"ನಾನು ಬಿಟ್ಟೆನೇನಪ್ಪಾ?" ಎಂದೆ.

ಮುರಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮುರಿದ ಬಾಯಿಯೊಳಗೆ ನೀಲಿ. ಒಂದರಲ್ಲಲ್ಲ, ನಲವತ್ತು ತೆಗೆದು ನೋಡಿದೆ, ನಲವತ್ತರಲ್ಲೂ ನೀಲಿ. ಬಿಸಿಯಿರುವಾಗಲೇ ಗ್ಯಾಸು ತೆಗೆದರೆ ಬರುವ ಬಣ್ಣ ಅದು. ಮೂವತ್ತು ಎಣಿಸಿದವರ ಕೆಲಸವಲ್ಲ, ಹತ್ತು ಎಣಿಸಿದವರದು. ತಪಾಸಣೆಯಲ್ಲಿ ಇಪ್ಪತ್ತೆಂಟು ವರ್ಷ ಕೂತ ನಿನಗೆ ಆ ನೀಲಿ ಕಾಣಲಿಲ್ಲ ಎನ್ನುತ್ತೀಯಾ? 'ಏನಾದರೂ ಬಿಟ್ಟುಹೋಗಿತ್ತೇ' ಎಂದು ನನ್ನನ್ನು ಕೇಳುತ್ತೀಯಾ?

ನೊಜಿಮಾನಿಗೆ ಅದನ್ನು ತೋರಿಸಿ ಹೇಳಿದೆ. ಅವನಿಗೆ ಅರ್ಥವಾಯಿತು, ಅವನ ಅಪ್ಪನೂ ಬೆಸುಗೆಯವನೇ. "ನನ್ನ ಕೈಲಿ ಏನಿದೆ ಹೇಳಿ?" ಎಂದ. ನಾನು ಮುದ್ರೆ ಒತ್ತಲಿಲ್ಲ. ಕಾಗದವನ್ನು ಅವನ ಜೇಬಿಗೆ ತುರುಕಿ ಕಳಿಸಿದೆ. ನಿನ್ನ ಭಾವ ಎರಡು ಚಳಿಗಾಲ ಕೂತು ಕಂಡುಕೊಂಡದ್ದರ ಮೇಲೆ ತಪ್ಪು ಎಂದು ನನ್ನ ಕೈಯಿಂದ ಬರೆಸಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಒಂದು ವಿಷಯ ಮಾತ್ರ ಮನಸ್ಸು ಕೊರೆಯುತ್ತಿದೆ. ಯಜಮಾನ ಬಂದು ಮಾತಾಡಿಸಿದರೂ ತಲೆ ಎತ್ತದೆ ಮೂವತ್ತು ಎಣಿಸುತ್ತಿದ್ದ ಹುಡುಗಿ ಅವಳಾಗಿಯೇ ಹತ್ತಕ್ಕೆ ಇಳಿದಿರಲಾರಳು. ಯಾರು ಇಳಿಸಿದರು? ಪ್ರತಿ ತಟ್ಟೆಯ ಮೇಲೂ ಅವಳ ಗುರುತಿರುತ್ತದೆ ಎಂದು ನೀನೇ ಬರೆದಿದ್ದೆ. ಅವಳು ಈಗ ಎಲ್ಲಿದ್ದಾಳೆ?

ಇದಕ್ಕೆ ಉತ್ತರ ಬರೆಯುವುದಾದರೆ ಬರೆ. ಬೇರೆ ಏನೂ ಬೇಡ.

ಶಿಗೆನೊ

ಶಾವೋಯಾಂಗ್, ಹುನಾನ್
17 ಮಾರ್ಚ್ 2002

ಅಕ್ಕ,

ಬಸ್ ನಿಲ್ದಾಣದ ಪಕ್ಕದ ವಸತಿಗೃಹದಲ್ಲಿ ಕೂತು ಬರೆಯುತ್ತಿದ್ದೇನೆ.

ಇಳಿಸಿದ್ದು ನಾನು. 2000ದ ಬೇಸಿಗೆಯಲ್ಲಿ ಬೇಡಿಕೆ ಹೆಚ್ಚಾಯಿತು. ಒಂದು ಕೊಂಡಿಗೆ ಮೂವತ್ತು ಸೆಕೆಂಡು ಸುಮ್ಮನೆ ಕೂರುವುದೇಕೆ ಎಂದು ಚಿಕ್ಕ ಯಜಮಾನರು ಕೇಳಿದರು. ಒಡೆಯುತ್ತದೆ ಎಂದು ಒಮ್ಮೆ ಹೇಳಿದೆ, ಒಮ್ಮೆ ಮಾತ್ರ. "ಒಡೆದಾಗ ನೋಡೋಣ" ಎಂದರು. ಹತ್ತು ಸೆಕೆಂಡಿನ ಹಾಳೆಗೆ ನಾನು ಸಹಿ ಹಾಕಿ ಬೆಸುಗೆಯ ಸಾಲಿನ ಗೋಡೆಗೆ ಅಂಟಿಸಿದೆ. ಯೂಲಿಯೆನ್ ಎದ್ದು ಬಂದು, "ಮಾಸ್ತರೇ, ಇದು ತುಂಬಾ ಬೇಗ ಆಗಲ್ವಾ?" ಎಂದಳು. "ಹೇಳಿದಷ್ಟು ಮಾಡು" ಎಂದೆ. ಆಮೇಲೂ ಒಂದು ವಾರ ಅವಳು ಕದ್ದು ಮೂವತ್ತು ಎಣಿಸುತ್ತಿದ್ದಳು. ಅವಳ ತಟ್ಟೆಗಳು ಕಡಿಮೆ ಬಂದವು. ಎಲ್ಲರೆದುರು ನಾನೇ ಗದರಿಸಿದೆ.

ಫ್ರೇಮುಗಳು ವಾಪಸು ಬಂದಾಗ ಆ ಹಾಳೆ ಗೋಡೆಯ ಮೇಲಿರಲಿಲ್ಲ. ಯಾರು ತೆಗೆದರೋ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ತಟ್ಟೆಗಳ ಮೇಲೆ ಅವಳ ಗುರುತಿತ್ತು. ಊಟದ ಮನೆಯಲ್ಲಿ ಮುನ್ನೂರು ಜನರ ಮುಂದೆ ಅವಳನ್ನು ನಿಲ್ಲಿಸಿ, ಇವಳ ಅಜಾಗರೂಕತೆಯಿಂದ ಕಂಪನಿಯ ಹೆಸರು ಕೆಟ್ಟಿತು ಎಂದು ಓದಿದರು. ಅವಳು ನನ್ನ ಕಡೆ ನೋಡಿದಳು. ನಾನು ನನ್ನ ಊಟದ ತಟ್ಟೆ ನೋಡುತ್ತಿದ್ದೆ. ಅಂದೇ ಸಂಜೆ ಪೆಟ್ಟಿಗೆ ಹೊತ್ತು ಹೋದಳು.

ನಿನ್ನ ಕಾಗದ ಬಂದ ಮೇಲೆ ಅವಳ ಊರಿನ ವಿಳಾಸ ಹುಡುಕಿದೆ. ಇಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆ, ಆಮೇಲೆ ಗದ್ದೆಯ ಬದುವಿನ ದಾರಿ. ನಿನ್ನೆ ಹೋಗಿದ್ದೆ. ಮನೆಯಲ್ಲೇ ಇದ್ದಳು. ಮೆಣಸಿನ ಸಸಿ ನೆಡುತ್ತಿದ್ದಳು. ಅವಳ ಅಪ್ಪ ಸ್ಟೂಲು ತಂದು ಹಾಕಿದ. ಅಕ್ಕಪಕ್ಕದವರು ಬಂದು ನಿಂತರು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದನ್ನು ಎದ್ದು ನಿಂತು ಹೇಳಿದೆ: ತಪ್ಪು ಇವಳದ್ದಲ್ಲ, ನನ್ನದು, ಇವಳು ಬೇಡವೆಂದರೂ ನಾನು ಮಾಡಿಸಿದೆ. ಹೇಳಿ ಬಾಗಿದೆ.

ಅವಳು ಕೈಯ ಮಣ್ಣು ಒರೆಸಿಕೊಂಡಳು. "ಇದನ್ನ ಅಲ್ಲಿ ಹೇಳ್ಬೇಕಿತ್ತು ಮಾಸ್ತರೇ. ಇಲ್ಲಿ ನನ್ನ ಮೇಲೆ ಯಾರೂ ತಪ್ಪು ಹೊರಿಸಿಲ್ಲ" ಎಂದಳು.

ಅವಳ ಅಮ್ಮ ಊಟಕ್ಕೆ ಕರೆದರು. ಕೂತು ತಿನ್ನಲು ಆಗದೆ ಎದ್ದು ಬಂದೆ.

ನಾಳೆ ದೊಂಗ್‌ಗುವಾನ್‌ಗೆ ಹಿಂತಿರುಗುತ್ತೇನೆ. ಮುಂದೆ ಏನಾಗುತ್ತದೋ ಗೊತ್ತಿಲ್ಲ.

ಮೊರಿಯೊ

ಕವಾದಾ
28 ಏಪ್ರಿಲ್ 2002

ಮೊರಿಯೊ,

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ. ಕಾರ್ಖಾನೆಯ ಕೋಣೆ ಬಿಡಿಸಿದ್ದಾರೆ ಎಂದು ಕೇಳಿದೆ. ನೊಜಿಮಾ ಯಾವುದೋ ಅಗ್ಗದ ಹೋಟೆಲಿನ ವಿಳಾಸ ಕೊಟ್ಟಿದ್ದಾನೆ.

ಏನು ನಡೆಯಿತೆಂದು ಹೇಳಿದ್ದೂ ಅವನೇ. ಮಧ್ಯಾಹ್ನ ಊಟದ ಮನೆಯಲ್ಲಿ ನೀನು ಬೆಂಚು ಹತ್ತಿ ನಿಂತೆಯಂತೆ. ನಿನ್ನ ಹರಕು ಮುರುಕು ಚೀನೀ ಮಾತಿಗೆ ಹುಡುಗಿಯರು ಮೊದಲು ನಕ್ಕರಂತೆ. ಯೂಲಿಯೆನ್ ಎಂಬ ಹೆಸರು ಬಂದ ಮೇಲೆ ನಗು ನಿಂತಿತಂತೆ. ಹತ್ತು ಸೆಕೆಂಡಿನ ಸಹಿ ನಿನ್ನದು ಎಂದು ಹೇಳುವಷ್ಟರಲ್ಲಿ ಕಾವಲಿನವರು ಬಂದು ಇಳಿಸಿದರು, ನೀನು ಬಾಗಿಲವರೆಗೂ ಅದನ್ನೇ ಕೂಗುತ್ತಾ ಹೋದೆ ಎಂದು ಹೇಳಿದ. "ತಲೆ ಕೆಟ್ಟಿದೆ ಅಂತಿದ್ದಾರೆ ಅಕ್ಕಾವ್ರೇ" ಎಂದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು.

ಊಟಕ್ಕೆ ಅರ್ಧ ಗಂಟೆ ಮಾತ್ರವಂತೆ. ಗಂಟೆ ಹೊಡೆಯಿತು, ಎಲ್ಲರೂ ಮೇಲೆ ಹೋಗಿ ಕೆಲಸಕ್ಕೆ ಕೂತರು. ಆ ಹುಡುಗಿಯನ್ನು ಯಾರೂ ವಾಪಸು ಕರೆಸುವುದಿಲ್ಲ. ಫುಸಾ ಬರುವುದಿಲ್ಲ. ಹದಿನೇಳನೇ ನಮೂನೆಯನ್ನು ನಿಲ್ಲಿಸಿ, ಕೊಂಡಿಯನ್ನು ಅಚ್ಚಿನಲ್ಲೇ ಎರಕ ಹೊಯ್ಯುವ ಹೊಸದನ್ನು ತರುತ್ತಾರಂತೆ. ಅದಕ್ಕೆ ಬೆಸುಗೆಯೇ ಬೇಡ.

ಬೆಸುಗೆಯ ಯಂತ್ರವನ್ನು ಗುಜರಿಯವನು ಹೋದ ತಿಂಗಳು ಕೊಂಡುಹೋದ. ಕೋಣೆ ಖಾಲಿಯಿದೆ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಬಾ. ನಿನ್ನೊಡನೆ ಮಾತಾಡಲು ನನಗೆ ಇನ್ನೂ ಎಷ್ಟು ದಿನ ಬೇಕೋ ತಿಳಿಯದು. ನಿನಗೂ ನನ್ನನ್ನು ಮಾತಾಡಿಸಬೇಕೆಂದಿಲ್ಲ, ಹೇಗೂ ನನಗೆ ಕೇಳಿಸುವುದಿಲ್ಲ. ಬಂದ ಮರುದಿನ ಫುಸಾಳ ಮಗಳ ಮನೆಗೆ ಹೋಗು. ನಾನು ಜೊತೆಗೆ ಬರುವುದಿಲ್ಲ, ಒಬ್ಬನೇ ಹೋಗು. ಏನು ಹೇಳಬೇಕೆಂದು ಕೇಳಬೇಡ.

ಶಿಗೆನೊ